ಹನ್ನೊಂದು ನಿಮಿಷದ ಫೋನ್ ಕರೆ

ಅಕ್ಟೋಬರ್ 19, 2024. ಶಿರಸಿ

ಅಕ್ಕನ ಹೊಲಿಗೆ ತರಗತಿಯ ಹಾಜರಿ ಪುಸ್ತಕವೊಂದು ಖಾಲಿ ಬಿದ್ದಿತ್ತು. ಅದರಲ್ಲೇ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ದಿನಚರಿ ಬರೆದವಳು ನಾನು. ಆದರೆ ಅದು ಇಂಗ್ಲಿಷಿನಲ್ಲಿ, ಎಂದಾದರೊಂದು ದಿನ ಯಾರಾದರೂ ಅಚ್ಚು ಹಾಕಿಸಿಯಾರು ಎಂಬ ಎಚ್ಚರದಲ್ಲಿ. ಅದರಲ್ಲಿ ನಾನು ಒಮ್ಮೆಯೂ ಅತ್ತಿಲ್ಲ, ಯಾರನ್ನೂ ಬೈದಿಲ್ಲ. ಇದನ್ನು ಓದುವವರಿಲ್ಲ.

ಬಂದು ಮೂರು ದಿನವಾಯಿತು. ನವೆಂಬರ್ ಒಂಬತ್ತಕ್ಕೆ ವಾಪಸು ಟಿಕೆಟ್ಟಿದೆ. ಮಗಳು ಅಭಿಜ್ಞಾ ಜುಲೈಯಿಂದ ಹೇಳುತ್ತಲೇ ಇದ್ದಳು, ಅಮ್ಮಾ ಎಲ್ಲಿಗಾದರೂ ಹೋಗಿ ಬಾ ಎಂದು. ಕೊನೆಗೆ ಅವಳೇ ಟಿಕೆಟ್ ತೆಗೆದು ವಿಮಾನ ಹತ್ತಿಸಿದಳು.

ನಾನೂರ ಹನ್ನೆರಡು ಮತ. ಜುಲೈಯ ಚುನಾವಣೆಯಲ್ಲಿ ಇಷ್ಟರಲ್ಲಿ ಸೋತದ್ದು. ರೈಲು ನಿಲ್ದಾಣದ ಹಿಂದಿನ ಎರಡು ಬೀದಿಗಳಿಗೆ ನಾನು ಇನ್ನೊಂದು ಸಲ ಹೋಗಿದ್ದರೆ ಸಾಕಿತ್ತು. ಆ ಎರಡು ಬೀದಿಗಳಲ್ಲಿ ಆರುನೂರು ಮನೆಗಳಿವೆ. ಅಕ್ಕ ಊಟಕ್ಕೆ ಕರೆದದ್ದು ಕೇಳಿಸಿರಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು:

"ಸೋತಿದ್ದು ಅಷ್ಟೇ ಸೈ. ಊಟ ಮಾಡು, ಆರ್ತಾ ಇದ್ದು."

ಎರಡು ತುತ್ತು ತಿಂದೆ.

ಅಕ್ಟೋಬರ್ 21

ಗಣಪ ಬಂದಿದ್ದ. ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ನಿವೃತ್ತ ಅಧ್ಯಾಪಕ. ಊರಿನ ಹೆಣ್ಣುಮಗಳು ಬ್ರಿಟನ್ನಿನ ಸಂಸದೆಯಾದದ್ದಕ್ಕೆ ಸನ್ಮಾನ ಮಾಡುತ್ತಾರಂತೆ. ನಾನೀಗ ಸಂಸದೆ ಅಲ್ಲವಲ್ಲ ಎಂದೆ. "ಒಂದು ಗಂಟೆ ಕೆಲಸ ಅಷ್ಟೇಯ. ನೀ ಬಂದು ಕುಂತ್ಕಂಡ್ರೆ ಸಾಕು" ಎಂದ. ಪರಿಚಯ ಭಾಷಣಕ್ಕೆ ನನ್ನ ಬದುಕಿನ ವಿವರ ಒಂದು ಪುಟ ಬೇಕಂತೆ. ಇಲ್ಲೇ ಕರಡು ಬರೆಯುತ್ತೇನೆ.

ಪರಿಮಳಾ ಹೆಗಡೆ. ಹುಟ್ಟಿದ್ದು ವಾನಳ್ಳಿ, 1966. ಅಪ್ಪ ಕನ್ನಡ ಶಾಲೆಯ ಮಾಸ್ತರು. ಶಿರಸಿಯಲ್ಲಿ ಬಿ.ಎ. ಮದುವೆಯಾಗಿ 1990ರಲ್ಲಿ ಇಂಗ್ಲೆಂಡಿಗೆ. ಗಂಡ ವೈದ್ಯರು, ಆರು ವರ್ಷದ ಹಿಂದೆ ತೀರಿಕೊಂಡರು. ಮೊದಲ ಕೆಲಸ ಥಾರ್ನ್‌ಬೆಕ್ ಎಂಬ ಊರಿನ ನಗರಸಭೆಯಲ್ಲಿ, ಮನೆ ಇಲ್ಲದವರಿಗೆ ಅರ್ಜಿ ಬರೆದುಕೊಡುವುದು. ಹದಿನಾಲ್ಕು ವರ್ಷ ಅದನ್ನೇ ಮಾಡಿದೆ. 2006ರಲ್ಲಿ ನಗರಸಭೆ ಸದಸ್ಯೆ. 2015ರಲ್ಲಿ ಅದೇ ಊರಿನಿಂದ ಸಂಸತ್ತಿಗೆ. ಮೂರು ಸಲ ಗೆದ್ದೆ. ಕೊನೆಯ ಎರಡು ವರ್ಷ ಕಿರಿಯ ಸಚಿವೆ, ವೀಸಾ ವಿಷಯ ನೋಡಿಕೊಳ್ಳುವವಳು.

ಸಾಧನೆ ಎಂದು ಏನು ಬರೆಯಲಿ? ದೂರವಾಣಿ ಪರಿಶೀಲನೆ. ಅದು ಪೂರ್ತಿ ನನ್ನದೇ. ಕೆಲಸಕ್ಕೆಂದು ನಮ್ಮ ದೇಶಕ್ಕೆ ಬಂದವರು ಊರಲ್ಲಿ ಬಿಟ್ಟ ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರೆ, ಅಧಿಕಾರಿಯೊಬ್ಬರು ಮುಂಚೆ ತಿಳಿಸದೆ ಆ ಮನೆಗೆ ಫೋನ್ ಮಾಡಿ ಮಗುವನ್ನು ಯಾರು ಸಾಕುತ್ತಿದ್ದಾರೆ ಎಂದು ಕೇಳುವುದು. ಸುಳ್ಳು ಅರ್ಜಿಗಳು ಅರ್ಧಕ್ಕರ್ಧ ಇಳಿದವು. ಸಂಸತ್ತಿನಲ್ಲಿ ನಾಲ್ಕು ನಿಮಿಷ ಮಾತಾಡಿದ್ದೆ. "ಇದು ಒಂದು ಸರಳ ಫೋನ್ ಕರೆ, ಅಷ್ಟೇ. ಸತ್ಯ ಹೇಳುವವರಿಗೆ ಅದರಿಂದ ತೊಂದರೆಯಿಲ್ಲ." ಪತ್ರಿಕೆಗಳು ಆ ಸಾಲನ್ನೇ ಎತ್ತಿಕೊಂಡವು.

ಇದನ್ನು ಗಣಪನಿಗೆ ಕೊಡುವುದಿಲ್ಲ. ಊರಿನವರಿಗೆ ಅರ್ಥವಾಗದು.

ಅಕ್ಟೋಬರ್ 22

ಲಂಡನ್ನಿನಿಂದ ಕಾಲಿನ್ ಫೋನ್ ಮಾಡಿದ್ದ. ಪಕ್ಷದ ಕಚೇರಿಯಲ್ಲಿ ಅಭ್ಯರ್ಥಿಗಳನ್ನು ಆರಿಸುವವರಲ್ಲಿ ಅವನೂ ಒಬ್ಬ. ದಕ್ಷಿಣದ ಕಡೆ ಒಂದು ಕ್ಷೇತ್ರ ತೆರವಾಗಿದೆ, ನಾವು ಅಲ್ಲಿ ಸೋತದ್ದೇ ಇಲ್ಲ. ನನ್ನ ಹೆಸರು ಪಟ್ಟಿಯಲ್ಲಿ ಮೊದಲನೆಯದು. ನವೆಂಬರ್ 25ರೊಳಗೆ ಹೂಂ ಅನ್ನಬೇಕು.

ಆಗಲೇ ಹೂಂ ಎನ್ನಬೇಕೆಂದಿದ್ದೆ. ಹಾಗೆನ್ನಬಾರದು, ತೀರಾ ಕಾದು ಕುಳಿತವಳ ಹಾಗೆ ಕಾಣುತ್ತದೆ. ಯೋಚಿಸಿ ಹೇಳುತ್ತೇನೆ ಎಂದೆ. ಕೋಟೆಕೆರೆಯ ಸುತ್ತ ಎರಡು ಸುತ್ತು ನಡೆದು ಬಂದೆ. ಗೆದ್ದ ಮೇಲಿನ ಮೊದಲ ಭಾಷಣದ ಆರಂಭ ಹೊಳೆಯಿತು.

ಅಕ್ಟೋಬರ್ 24

ನಾನೂರ ಹನ್ನೆರಡು. ಎರಡು ಬೀದಿ. ಛೆ.

ಅಕ್ಟೋಬರ್ 27, ಭಾನುವಾರ

ಸನ್ಮಾನ ಆಯಿತು. ಬ್ಯಾನರಿನಲ್ಲಿ "ಬ್ರಿಟನ್ ಸಂಸದೆ" ಎಂದೇ ಇತ್ತು. ಮಾತಿನ ಮೊದಲಲ್ಲೇ "ಮಾಜಿ" ಎಂದು ತಿದ್ದಿದೆ, ಜನ ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ.

ಎಲ್ಲ ಮುಗಿದು ಕುರ್ಚಿಗಳನ್ನು ಎತ್ತಿಡುವಾಗ ಒಬ್ಬರು ಹೆಂಗಸು ಮೆಟ್ಟಿಲ ಬಳಿ ನಿಂತಿದ್ದರು. ಅರವತ್ತರ ಆಚೆಯ ವಯಸ್ಸು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಮೂರೂವರೆ ವರ್ಷದ ಹೆಣ್ಣುಮಗು. ಸಿದ್ದಾಪುರ ತಾಲೂಕಿನ ಹೆಗ್ಗರಣೆ ಕಡೆಯವರು, ಹೆಸರು ದ್ಯಾವಮ್ಮ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಸೊಸೆ ರಕ್ಷಿತಾ ನರ್ಸಿಂಗ್ ಓದಿ ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ವರ್ಷವಾಗುತ್ತ ಬಂತು. ಮಗುವನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ಆಗಸ್ಟಿನಲ್ಲಿ ತಿರಸ್ಕಾರವಾಗಿದೆ.

"ನಿಮ್ಮನ್ನೇ ಕಾಣ್ಬೇಕು ಅಂತ ಸೊಸೆ ಹೇಳಿ ಕಳ್ಸಿದ್ಲು ಅಮ್ಮ" ಎಂದರು.

ಈಗ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿ ಚೀಲವನ್ನು ನನ್ನ ಕೈಗೇ ಕೊಟ್ಟರು. ಮಗು ಹಣ್ಣಿನ ಬುಟ್ಟಿಯನ್ನು ನೋಡುತ್ತಿತ್ತು. ಒಂದು ಮೂಸಂಬಿ ಕೊಟ್ಟೆ. ಅದರ ಹೆಸರು ದೀಕ್ಷಾ.

ಅಕ್ಟೋಬರ್ 28

ಚೀಲದ ಕಾಗದ ಓದಿದೆ. ತಿರಸ್ಕಾರದ ಪತ್ರ ಎರಡು ಪುಟ. ತಂದೆ ಬೇರೆಲ್ಲೋ ಇರುವಾಗ ಮಗುವಿನ ಹೊಣೆ ಪೂರ್ತಿ ತನ್ನದೇ ಎಂದು ತಾಯಿ ತೋರಿಸಬೇಕು. ಎರಡನೆಯ ಪುಟದಲ್ಲಿ ಹೀಗಿದೆ: ಜುಲೈ 30ರಂದು ಮನೆಗೆ ಮಾಡಿದ ಹನ್ನೊಂದು ನಿಮಿಷದ ದೂರವಾಣಿ ಪರಿಶೀಲನೆಯಲ್ಲಿ, ತಂದೆ ಪ್ರತಿ ತಿಂಗಳೂ ಬಂದು ಹೋಗುತ್ತಾನೆ, ಮಗುವಿನ ವಿಷಯ ಅವನೇ ನಿರ್ಧರಿಸುತ್ತಾನೆ ಎಂದು ಅಜ್ಜಿ ಹೇಳಿದ್ದಾರೆ. ಆದ್ದರಿಂದ ತಾಯಿಯ ಹೇಳಿಕೆ ಸುಳ್ಳು.

ಆ ವಾಕ್ಯದ ಒಕ್ಕಣೆ ನನ್ನದು. ನಮೂನೆ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ.

ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡಿದೆ. ತಂದೆ ಬರುತ್ತಿದ್ದರೆ ತಾಯಿ ಸುಳ್ಳು ಹೇಳಿದ್ದಾಳೆ ಎಂದಾಯಿತು. ಕಾಗದ ವಾಪಸು ಕೊಟ್ಟು ಬರಬೇಕು. ಅಂಚೆಯಲ್ಲಿ ಕಳಿಸಬಹುದಿತ್ತು, ಆದರೆ ಮೂಲ ಪ್ರತಿಗಳಿವೆ.

ನವೆಂಬರ್ 3

ದೀಪಾವಳಿ ಮುಗಿದ ಮೇಲೆ ಹೆಗ್ಗರಣೆಗೆ ಹೋದೆ. ಬಸ್ಸಿಳಿದು ಒಂದು ಮೈಲಿ ನಡಿಗೆ. ದ್ಯಾವಮ್ಮನವರದ್ದು ಹಂಚಿನ ಎರಡು ಕೋಣೆಯ ಮನೆ, ಎದುರಿಗೆ ಗದ್ದೆ. ಗದ್ದೆಯನ್ನು ಮೈದುನನ ಮಕ್ಕಳು ಮಾಡುತ್ತಾರೆ. ಗಂಡ ಇಲ್ಲ. ಒಬ್ಬನೇ ಮಗ ದರ್ಶನ.

ದೀಕ್ಷಾಳ ಎದುರು ಮೊಬೈಲು ಪಾತ್ರೆಗೆ ಒರಗಿಸಿ ನಿಲ್ಲಿಸಿತ್ತು. ಅದರೊಳಗಿಂದ ರಕ್ಷಿತಾ ಮಗುವಿಗೆ ಅನ್ನ ಉಣ್ಣಿಸುತ್ತಿದ್ದಳು. ಅಂದರೆ ಮಗು ತಾನೇ ಉಣ್ಣುತ್ತಿತ್ತು, ಇವಳು ಒಂದೊಂದು ತುತ್ತಿಗೂ ಬಾಯಿ ತೆರೆದು ತೋರಿಸುತ್ತಿದ್ದಳು. ಅಲ್ಲಿ ಬೆಳಗಿನ ಎಂಟು. ಕೆಲಸಕ್ಕೆ ಹೋಗುವ ಮುಂಚೆ ದಿನವೂ ಹೀಗೆಯೇ ಅಂತೆ.

ಫೋನಿಟ್ಟ ಮೇಲೆ ದ್ಯಾವಮ್ಮನವರನ್ನು ಕೇಳಿದೆ, ದರ್ಶನ ಯಾವಾಗ ಬರುತ್ತಾನೆ ಎಂದು. ಅವರು ಚಾ ಸೋಸಿದರು, ಲೋಟ ತೊಳೆದರು, ಮಗುವನ್ನು ಪಕ್ಕದ ಮನೆಗೆ ಕಳಿಸಿದರು. ಆಮೇಲೆ ಹೇಳಿದರು:

"ಬರೂದಿಲ್ಲ ಅಮ್ಮ. ಗೋವಾಕ್ಕೆ ಹೋದವ ಮಗು ಹುಟ್ಟಿದ ಮೇಲೆ ಒಂದ್ಸಲವೂ ಬರ್ಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಮಾಡ್ಕಂಡಿದಾನೆ."

ಹಾಗಾದರೆ ಫೋನಿನಲ್ಲಿ? ಯಾರೋ ಗಂಡಸು, ಎಲ್ಲಿಯದೋ ಕನ್ನಡ, ನಿಮ್ಮ ಮಗ ಮನೆಗೆ ಬರುತ್ತಾನೋ, ಹೆಂಡತಿ ಮಗುವನ್ನು ನೋಡಿಕೊಳ್ಳುತ್ತಾನೋ ಎಂದು ಕೇಳಿದನಂತೆ. ಅಂಗಳದಲ್ಲಿ ಗದ್ದೆ ನಾಟಿಗೆ ಬಂದ ನಾಲ್ಕು ಜನ ಕೂತಿದ್ದರು. ಮಗ ಬಿಟ್ಟು ಹೋಗಿದ್ದಾನೆ ಎಂದು ಅವರೆದುರು ಹೇಳಲು ಬಾಯಿ ಬರಲಿಲ್ಲ. ತಿಂಗಳಿಗೊಮ್ಮೆ ಬರುತ್ತಾನೆ, ಎಲ್ಲ ಅವನೇ ನೋಡುತ್ತಾನೆ ಎಂದುಬಿಟ್ಟರು. ಸರ್ಕಾರದವರು ತನ್ನ ಮನೆ ಒಳ್ಳೆಯ ಮನೆ ಎಂದು ತಿಳಿದರೆ ಮಗುವಿಗೆ ಒಳ್ಳೆಯದಾದೀತು ಎಂದೂ ಅನ್ನಿಸಿತಂತೆ. ಅರ್ಜಿ ಬಿದ್ದುಹೋದದ್ದು ತನ್ನ ಮಾತಿನಿಂದ ಎಂದು ಸೊಸೆಗೆ ಇವತ್ತಿನವರೆಗೂ ಹೇಳಿಲ್ಲ. ಪತ್ರ ಇಂಗ್ಲಿಷಿನಲ್ಲಿದೆ, ಆದರೆ ಸೊಸೆ ಓದಿಯೇ ಇರುತ್ತಾಳೆ. ಅವಳೂ ಕೇಳಿಲ್ಲ.

ಕಾಗದ ಕೊಟ್ಟು ಬರಲೆಂದು ಹೋದವಳು ಚೀಲವನ್ನು ಮತ್ತೆ ತಂದಿದ್ದೇನೆ.

ನವೆಂಬರ್ 5

ಕಾಲಿನ್‌ನ ಸಂದೇಶ. ಹೊಸ ಸರ್ಕಾರ ದೂರವಾಣಿ ಪರಿಶೀಲನೆಯನ್ನು ಕೈಬಿಡುವ ಮಾತಾಡುತ್ತಿದೆಯಂತೆ. ಚುನಾವಣೆಯಲ್ಲಿ ಅದೇ ನಮ್ಮ ಮುಖ್ಯ ವಿಷಯ. ಅದನ್ನು ತಂದವಳೇ ಅಭ್ಯರ್ಥಿಯಾದರೆ ಇನ್ನೇನು ಬೇಕು! ಅದರ ಪರವಾಗಿ ಇನ್ನೂರು ಪದದ ಹೇಳಿಕೆ ಬರೆದು ಕಳಿಸು ಎಂದಿದ್ದಾನೆ.

ಇನ್ನೂರು ಪದ ನನಗೆ ಹತ್ತು ನಿಮಿಷದ ಕೆಲಸ. ಮೂರು ಸಲ ಕುಳಿತೆ. "ಸತ್ಯ ಹೇಳುವವರಿಗೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂಗಳದಲ್ಲಿ ನಾಲ್ಕು ಜನ ಕೂತಿರುವಾಗ ಎಂದು ಸೇರಿಸಲು ಬರುವುದಿಲ್ಲವಲ್ಲ.

ನವೆಂಬರ್ 7

ರಕ್ಷಿತಾಳ ಜೊತೆ ಮಾತಾಡಿದೆ. ಹೊಸ ಅರ್ಜಿ ಹಾಕೋಣ, ಅಜ್ಜಿಯ ಪ್ರಮಾಣಪತ್ರ ಬೇಕು, ನೀನು ಮಗುವಿಗೆ ಕಳಿಸಿದ ಧ್ವನಿ ಸಂದೇಶಗಳನ್ನೆಲ್ಲ ತೆಗೆದಿಡು ಎಂದೆ. ಆಮೇಲೆ, ಹೇಳದೆ ಇರಲಾಗದೆ, ಆ ಫೋನಿನ ವ್ಯವಸ್ಥೆ ತಂದವಳು ನಾನೇ ಎಂದೆ.

"ಗೊತ್ತು ಮೇಡಂ" ಎಂದಳು. "ನಾನು ನೋಡ್ಕೊಳ್ಳೋ ಅಜ್ಜಿಯೊಬ್ಬರ ಟಿವಿಯಲ್ಲಿ ನಿಮ್ಮ ಭಾಷಣ ಕೇಳಿದ್ದೆ. ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀವು ಶಿರಸಿಗೆ ಬಂದಿದ್ದೀರಿ ಅಂತ ಫೇಸ್‌ಬುಕ್ಕಲ್ಲಿ ನೋಡ್ದೆ. ಅದಕ್ಕೇ ಅತ್ತೇನ ನಿಮ್ಮ ಹತ್ರ ಕಳ್ಸಿದ್ದು."

ಬೈಸಿಕೊಂಡಿದ್ದರೆ ಮೇಲಿತ್ತು. ಅತ್ತೆಗೆ ಈ ವಿಷಯ ಗೊತ್ತೇ ಎಂದು ಕೇಳಿದೆ. ಇಲ್ಲವಂತೆ. ಅದನ್ನು ನೀವೇ ಹೇಳಬೇಕು ಎಂದಳು.

ಟಿಕೆಟ್ ಮುಂದಕ್ಕೆ ಹಾಕಿಸಿದ್ದೇನೆ. ಎರಡು ವಾರ, ಅಷ್ಟೇ.

ನವೆಂಬರ್ 11. ಸಿದ್ದಾಪುರಕ್ಕೆ ಹೋಗಿ ಬಂದೆ

ದ್ಯಾವಮ್ಮನವರನ್ನು ನೋಟರಿ ಹತ್ತಿರ ಕರೆದುಕೊಂಡು ಹೋಗಿದ್ದೆ. ವಕೀಲರು ಇನ್ನೂ ಬಂದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕುಳಿತು ಪ್ರಮಾಣಪತ್ರದ ಕನ್ನಡ ಪ್ರತಿಯನ್ನು ಓದಿ ಹೇಳಿದೆ. "ನನ್ನ ಮಗ ದರ್ಶನ ಹೆಂಡತಿ ಮಗುವನ್ನು ಬಿಟ್ಟು ಹೋಗಿ ಮೂರು ವರ್ಷದ ಮೇಲಾಯಿತು" ಎಂಬಲ್ಲಿಗೆ ಬರುವಾಗ ಅವರು ಕೈ ಅಡ್ಡ ಇಟ್ಟರು.

"ಬರದ್ರೆ ಅದು ಖರೆ ಆಗೋಗ್ತದೆ ಅಮ್ಮ."

ಅವನು ಎಂದಾದರೂ ತಿರುಗಿ ಬಂದರೆ, ಅವ್ವ ತನ್ನ ಮೇಲೆ ಕಾಗದ ಬರೆದುಕೊಟ್ಟಿದ್ದಾಳೆ ಎಂದು ತಿಳಿದರೆ? ಮೂವತ್ತು ವರ್ಷ ಜನರ ಅರ್ಜಿ ಬರೆದಿದ್ದೇನೆ, ಸಮಾಧಾನ ಹೇಳುವ ಮಾತು ನೂರು ಬರುತ್ತವೆ. ಒಂದನ್ನೂ ಆಡಲಿಲ್ಲ. ನನ್ನದನ್ನು ಹೇಳಿದೆ. ಆ ಫೋನು ನಿಮ್ಮ ಮನೆಗೆ ಬರುವ ಹಾಗೆ ಮಾಡಿದ್ದು ನಾನು, ಅದು ಸುಲಭದ ಫೋನು ಎಂದು ಎಲ್ಲರೆದುರು ಹೇಳಿದ್ದೂ ನಾನು, ತಪ್ಪಾಗಿತ್ತು ಎಂದೆ. ತಪ್ಪಾಗಿತ್ತು ಎಂಬ ಮಾತನ್ನು ನಾನು ಒಂಬತ್ತು ವರ್ಷದಲ್ಲಿ ಯಾರ ಎದುರೂ ಆಡಿರಲಿಲ್ಲ. ಆಡಬಾರದು ಎಂದು ನಮಗೆ ಕಲಿಸುತ್ತಾರೆ.

ದ್ಯಾವಮ್ಮ ಅಡ್ಡ ಇಟ್ಟ ಕೈ ತೆಗೆದರು.

"ಆ ಫೋನು ನಿಮ್ದಾ?"

"ನಂದು."

"ಹಂಗಾರೆ ಎಂತ ಬರದ್ರೆ ಅವ್ರು ಒಪ್ತಾರೆ ಅಂತ ನಿಮಗೆ ಗೊತ್ತಿರ್ಬೇಕು."

"ಇದ್ದದ್ದು ಇದ್ದ ಹಾಗೆ ಬರದ್ರೆ ಒಪ್ತಾರೆ ದ್ಯಾವಮ್ಮ."

ವಕೀಲರು ಬಂದರು. ದ್ಯಾವಮ್ಮ ಮೂರಕ್ಷರದ ಹೆಸರನ್ನು ಒಂದೊಂದಾಗಿ ಒತ್ತಿ ಬರೆದರು. ಹೆಗ್ಗರಣೆಯ ಬಸ್ಸು ಬಂತು, ಹತ್ತಿದರು, ತಿರುಗಿ ನೋಡಲಿಲ್ಲ. ನೋಡಬೇಕೆಂದೇನೂ ಇಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೇಳಿ, ನೀನು ಸಣ್ಣವಳಿದ್ದಾಗಲೂ ತಪ್ಪು ಮಾಡಿದರೆ ಹೇಳಿಬಿಡುತ್ತಿದ್ದೆ, ನಡುವೆ ಯಾವಾಗ ಬಿಟ್ಟೆಯೋ ಎಂದಳು.

ನವೆಂಬರ್ 18

ಮೂರು ಸಲ ಹೆಗ್ಗರಣೆಗೆ, ಒಂದು ಸಲ ಸಿದ್ದಾಪುರದ ಮಕ್ಕಳ ಡಾಕ್ಟರ ಹತ್ತಿರ. ಡಾಕ್ಟರು ಚೀಟಿಗಳ ಪ್ರತಿ ಕೊಟ್ಟರು. ಮಗುವಿಗೆ ಜ್ವರ ಬಂದಾಗಲೆಲ್ಲ ತಾಯಿಯೇ ಫೋನಿನಲ್ಲಿ ಮಾತಾಡುತ್ತಾಳೆ ಎಂದು ಬರೆದೂ ಕೊಟ್ಟರು. ಅಂಗನವಾಡಿ ಟೀಚರು ತಮ್ಮ ಪುಸ್ತಕ ತೆರೆದು ತೋರಿಸಿದರು: ದೀಕ್ಷಾಳ ಹೆಸರಿನ ಮುಂದೆ ತಂದೆಯ ಜಾಗ ಖಾಲಿ, ತಾಯಿಯ ನಂಬರು ಮಾತ್ರ, ಅದೂ ಇಂಗ್ಲೆಂಡಿನದು. ಆ ಪುಟದ ಫೋಟೋ ತೆಗೆದೆ.

ಧ್ವನಿ ಸಂದೇಶ ಆರುನೂರ ಎಪ್ಪತ್ತು ಇವೆ. ಎಲ್ಲ ಕೇಳಬೇಕಿಲ್ಲ, ನಲವತ್ತು ಆರಿಸಿ ಅನುವಾದ ಮಾಡಿದರೆ ಸಾಕು. ಆದರೂ ಕೇಳುತ್ತಿದ್ದೇನೆ. "ಪಾಪು, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಬೇಡ." "ಅತ್ತೆ, ಮಾತ್ರೆ ಅರ್ಧ ಮಾಡಿ ಕೊಡಿ, ಪೂರ್ತಿ ಬೇಡ." "ಪಾಪು, ಇಲ್ಲಿ ಇವತ್ತು ನಾಯಿಯೊಂದು ಬಸ್ ಹತ್ತಿತ್ತು." ಅನುವಾದ ಮಾಡುವಾಗ ಪಾಪು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಹಾಕುವುದೆಂದು ಅಕ್ಕನ ಜೊತೆ ಅರ್ಧ ಗಂಟೆ ಚರ್ಚೆ. ಹಾಗೇ ಬಿಟ್ಟೆ.

ಊಟಕ್ಕೆ ಅಕ್ಕ ಬಸಳೆ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡೆ.

ನವೆಂಬರ್ 22

ಅರ್ಜಿ ಹೋಯಿತು. ಅರ್ಜಿಯ ಜೊತೆಗಿಡುವ ಪತ್ರ ನಾನು ಬರೆದೆ. ಮಾಜಿ ಸಚಿವೆ ಎಂದು ಹಾಕಬಹುದಿತ್ತು. ಹಾಕಿದರೆ ಯಾರೋ ಒಬ್ಬರು ಹೆದರಿ ಒಪ್ಪಿಯಾರು, ಅಥವಾ ಪತ್ರಿಕೆಗೆ ತಿಳಿದು ಎಲ್ಲ ಕೆಟ್ಟೀತು. ಕೆಳಗೆ ಕುಟುಂಬದ ಪರಿಚಿತೆ ಎಂದು ಬರೆದು ಸಹಿ ಮಾಡಿದೆ.

ವೀಸಾ ಕೇಂದ್ರದಲ್ಲಿ ಮಗುವಿನ ಫೋಟೋ ತೆಗೆಸಲೆಂದು ಬೆಂಗಳೂರಿಗೆ ಅಜ್ಜಿ ಮೊಮ್ಮಗಳ ಜೊತೆ ನಾನೂ ಹೋಗಿ ಬಂದೆ. ದ್ಯಾವಮ್ಮ ಹೋಗುವಾಗ ಮಾತಾಡಲಿಲ್ಲ. ಬರುವಾಗ ದೀಕ್ಷಾ ನನ್ನ ತೊಡೆಯ ಮೇಲೆ ನಿದ್ದೆ ಹೋದಾಗ, ಕಾಲು ಜೋಮು ಹಿಡಿದರೆ ಹೇಳಿ, ಈಚೆ ತಗಳ್ತೇನೆ ಎಂದರು.

ಅಭಿಜ್ಞಾಳಿಗೆ ಹೇಳಿ ಟಿಕೆಟ್ಟು ರದ್ದು ಮಾಡಿಸಿದೆ. ಯಾವ ದಿನಕ್ಕೆ ಹಾಕಿಸಲಿ ಎಂದು ಕೇಳಿದಳು. ಫಲಿತಾಂಶ ಬರಲಿ ಎಂದೆ. ಯಾವ ಚುನಾವಣೆಯದ್ದು ಎಂದು ಕೇಳಿದಳು. ನಗು ಬಂತು.

ನವೆಂಬರ್ 24

ಕಾಲಿನ್‌ಗೆ ಬರೆದೆ. ಬರುವುದಿಲ್ಲ, ಹೇಳಿಕೆಯನ್ನೂ ಕೊಡುವುದಿಲ್ಲ. ಆ ಫೋನಿನ ವ್ಯವಸ್ಥೆಯಿಂದ ನಿಜ ಹೇಳುವವರಿಗೂ ತೊಂದರೆಯಾಗಿದೆ, ಅದನ್ನು ಕೈಬಿಡುವುದು ಒಳ್ಳೆಯದು, ಕೇಳಿದವರಿಗೆ ನಾನು ಹಾಗೇ ಹೇಳುವೆ. ಬರೆದು ಎಣಿಸಿದರೆ ಮೂವತ್ತೆರಡೇ ಪದ.

ಅವನ ಉತ್ತರ ತಕ್ಷಣ ಬಂತು: ಇದು ನಿನ್ನ ರಾಜಕೀಯದ ಕೊನೆ, ತಿಳಿದಿದೆ ತಾನೇ? ತಿಳಿದಿದೆ. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕೋಣೆಯಲ್ಲಿ ಕುಳಿತೆ. ಬರಲಿಲ್ಲ. ತರಗತಿಯ ಹುಡುಗಿಯರು ಹೊಲಿಗೆ ಯಂತ್ರದ ಸೂಜಿ ಮುರಿದುಕೊಂಡು ಅಕ್ಕನನ್ನು ಕೂಗುತ್ತಿದ್ದರು, ಎದ್ದು ಹೋದೆ.

ಡಿಸೆಂಬರ್ 10

ಇನ್ನೂ ಏನಿಲ್ಲ. ರಕ್ಷಿತಾ ದಿನಕ್ಕೆ ಎರಡು ಸಲ ಕೇಳುತ್ತಾಳೆ. ಏನಿಲ್ಲ.

ಡಿಸೆಂಬರ್ 22

ಗಣಪ ಯಲ್ಲಾಪುರದ ಇಬ್ಬರನ್ನು ಕರೆತಂದಿದ್ದ. ಒಬ್ಬರಿಗೆ ವಿಧವಾ ಪಿಂಚಣಿ ನಿಂತಿದೆ, ಇನ್ನೊಬ್ಬ ಚೌಡ ಎಂಬವರಿಗೆ ಅರಣ್ಯ ಹಕ್ಕಿನ ಅರ್ಜಿ ಎಲ್ಲಿ ಸಿಕ್ಕಿಬಿದ್ದಿದೆ ಎಂದೇ ತಿಳಿದಿಲ್ಲ. ಇಲ್ಲಿಯ ಕಾನೂನು ನನಗೆ ಗೊತ್ತಿಲ್ಲ. ಓದಬೇಕು. ಅಕ್ಕನ ತರಗತಿ ಇಲ್ಲದ ದಿನ ಅವಳ ಕತ್ತರಿಸುವ ಮೇಜು ಖಾಲಿ ಇರುತ್ತದೆ. ಅವಳೇ ಅದನ್ನು ಒರೆಸಿ ಕೊಟ್ಟು, "ಬಟ್ಟೆ ಮೇಲೆ ಶಾಯಿ ಬಿದ್ರೆ ನೋಡು" ಎಂದಳು.

ಜನವರಿ 8, 2025

ಹೇಗೆ ಬರೆಯಲಿ?

ಮಧ್ಯಾಹ್ನ ಹೆಗ್ಗರಣೆಯಲ್ಲಿದ್ದೆ. ದೀಕ್ಷಾಳಿಗೆ ಅಕ್ಕ ಹೊಲಿದ ಲಂಗ ಕೊಡಲು ಹೋದದ್ದು. ಮೂರು ಗಂಟೆಯ ಸುಮಾರಿಗೆ ದ್ಯಾವಮ್ಮನವರ ಮೊಬೈಲು ರಿಂಗಾಯಿತು. ಉದ್ದದ ನಂಬರು. ಅವರು ಎತ್ತಿ ಕೇಳಿ ನನ್ನ ಕಡೆ ನೋಡಿದರು. ಅದೇ ಫೋನು.

ನನ್ನ ಕೈಗೆ ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಕರೆಯ ಹೊತ್ತಿಗೆ ಪಕ್ಕದಲ್ಲಿ ಯಾರೂ ಇದ್ದು ಹೇಳಿಕೊಡಬಾರದು ಎಂಬ ನಿಯಮ ಬರೆದವಳು ನಾನು. ಪಿಸುಮಾತು ಕೇಳಿದರೂ ಅರ್ಜಿ ಹೋಯಿತು. ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಅಂಗಳದಲ್ಲಿ ಪಕ್ಕದ ಮನೆಯ ದುರ್ಗಿ ಮತ್ತವಳ ಗಂಡ ಭತ್ತ ಹರವುತ್ತಿದ್ದರು. ಆವತ್ತು ಅಂಗಳದಲ್ಲಿ ಕೂತಿದ್ದ ನಾಲ್ಕು ಜನ ನೆನಪಾದರು. ಸ್ವಲ್ಪ ಆಚೆ ಹೋಗಿ ಎನ್ನಲೇ? ಅಷ್ಟರಲ್ಲಿ ದ್ಯಾವಮ್ಮ ಬಾಗಿಲಿಗೇ ಬಂದು ನಿಂತರು. ಒಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಕಿವಿಗೆ ಒತ್ತಿ ಹಿಡಿದು, ಗದ್ದೆಯ ಆಚೆಯವರಿಗೂ ಕೇಳುವ ಹಾಗೆ ಹೇಳಿದರು:

"ಇಲ್ಲ ಸ್ವಾಮಿ. ಆವತ್ತು ನಾನು ಸುಳ್ಳು ಹೇಳಿದ್ದು. ನನ್ನ ಮಗ ಬಿಟ್ಟು ಹೋಗಿದಾನೆ. ಬರೂದಿಲ್ಲ. ಈ ಮಗೀಗೆ ಎಂತ ಬೇಕಾರೂ ಅದರ ಅವ್ವನೇ. ನಾನು ಅವಳು ಹೇಳಿದ್ದು ಮಾಡ್ತೆ, ಅಷ್ಟೇ."

ದುರ್ಗಿ ಭತ್ತದ ಮೇಲಿಂದ ತಲೆ ಎತ್ತಲಿಲ್ಲ. ಅವಳ ಗಂಡ ಕೆಲಸ ನಿಲ್ಲಿಸಿ, ಮತ್ತೆ ಶುರುಮಾಡಿದ. ದ್ಯಾವಮ್ಮ ಇನ್ನೂ ಆರೇಳು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಸುಳ್ಳು ಯಾಕೆ ಹೇಳಿದಿರಿ ಎಂದೂ ಕೇಳಿರಬೇಕು, "ನಾಚಿಕೆ ಆಗಿತ್ತು" ಎಂದರು. ನನ್ನ ಕೈಯಲ್ಲಿ ದೀಕ್ಷಾ ಹೊಸ ಲಂಗದ ಲಾಡಿ ಬಿಚ್ಚುತ್ತಿದ್ದಳು.

ಫೋನು ಇಟ್ಟ ಮೇಲೆ ದ್ಯಾವಮ್ಮ ಹೊಸ್ತಿಲಲ್ಲೇ ಕೂತರು. ದುರ್ಗಿ ಏನೂ ಕೇಳದೆ ಒಳಗೆ ಹೋಗಿ ನೀರು ತಂದು ಕೊಟ್ಟಳು. "ನಮಗೆಲ್ಲ ಗೊತ್ತಿತ್ತೆ ದ್ಯಾವಕ್ಕ" ಎಂದಳು. ದ್ಯಾವಮ್ಮ ಅವಳ ಮುಖ ನೋಡಿ, ನೀರು ಕುಡಿದು, ಜೋರಾಗಿ ಉಸಿರು ಬಿಟ್ಟರು. ಗೊತ್ತಿದ್ದರೆ ಇಷ್ಟು ವರ್ಷ ನನ್ನ ಕೈಲಿ ಯಾಕೆ ಅಷ್ಟು ಕಥೆ ಹೇಳಿಸಿದಿರಿ ಎಂದು ಬೈದರು. ಆಮೇಲೆ ಮೂವರು ಹೆಂಗಸರೂ ನಕ್ಕೆವು. ಯಾಕೆ ನಕ್ಕೆವೋ ತಿಳಿಯದು, ಫಲಿತಾಂಶ ಇನ್ನೂ ಬಂದಿಲ್ಲ.

ಜನವರಿ 23

ಬಂತು. ಕೊಟ್ಟಿದ್ದಾರೆ.

ರಕ್ಷಿತಾಳಿಗೆ ಮಾತಾಡಲು ಆಗಲಿಲ್ಲ, ಫೋನು ಹಿಡಿದುಕೊಂಡೇ ಇದ್ದಳು. ನಾನೂ ಹಿಡಿದುಕೊಂಡೇ ಇದ್ದೆ. ಅಕ್ಕ ನನ್ನ ಕೈಯಿಂದ ತೆಗೆದುಕೊಂಡು, "ತಂಗೀ, ಮೊದಲು ಎಂತಾದ್ರೂ ತಿನ್ನು, ಆಮೇಲೆ ಮಾತಾಡು" ಎಂದಳು.

ಫೆಬ್ರವರಿ 9, ಭಾನುವಾರ

ರಕ್ಷಿತಾ ಹತ್ತು ದಿನದ ರಜೆ ಹಾಕಿ ಬಂದಿದ್ದಳು. ಮಗು ಮೊದಲ ದಿನ ಅವಳನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಫೋನಿನಲ್ಲಿದ್ದವಳು ಹೊರಗೆ ಬಂದರೆ ಇಷ್ಟು ದೊಡ್ಡವಳಿರುತ್ತಾಳೆ ಎಂದು ಗೊತ್ತಿರಲಿಲ್ಲ ಪಾಪ. ಮೂರನೆಯ ದಿನಕ್ಕೆ ಅವಳನ್ನು ಬಿಟ್ಟು ಇಳಿಯಲೊಲ್ಲದು.

ಇವತ್ತು ಹುಬ್ಬಳ್ಳಿ ವಿಮಾನ ನಿಲ್ದಾಣದವರೆಗೆ ನಾನೂ ದ್ಯಾವಮ್ಮನೂ ಹೋಗಿ ಬಿಟ್ಟು ಬಂದೆವು. ಗಾಜಿನ ಬಾಗಿಲಿನ ಈಚೆ ನಿಂತು ರಕ್ಷಿತಾ ಅತ್ತೆಯ ಕಾಲು ಮುಟ್ಟಿದಳು. ನನಗೆ ಕೈ ಕೊಟ್ಟಳು. ಕಾಲು ಮುಟ್ಟದೆ ಕೈ ಕೊಟ್ಟದ್ದು ಸರಿಯೇ ಅನ್ನಿಸಿತು. ದೀಕ್ಷಾ ಒಳಗೆ ಹೋಗುವವರೆಗೂ ತನ್ನ ಬಣ್ಣದ ಚೀಲವನ್ನು ಯಾರಿಗೂ ಕೊಡಲಿಲ್ಲ.

ದ್ಯಾವಮ್ಮ ಅಳುತ್ತಾರೆ, ಹೇಗೆ ಸಮಾಧಾನ ಮಾಡುವುದು ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಮುಂಡಗೋಡದ ಮೇಲಿನ ಬಸ್ಸು ತಪ್ಪಿ ಯಲ್ಲಾಪುರದ ಮೇಲೆ ಬಂದೆವು. ಕಲಘಟಗಿ ದಾಟುವವರೆಗೆ ಅವರು ಕಿಟಕಿಯ ಕಡೆ ತಿರುಗಿದ್ದರು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಗಾಢ ನಿದ್ದೆ ಹೋದರು. ಯಲ್ಲಾಪುರದಲ್ಲಿ ಎಬ್ಬಿಸಬೇಕಾಯಿತು. ಶಿರಸಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ನಿಲ್ದಾಣದ ಎದುರಿನ ಹೊಟೇಲಿಗೆ ಹೋಗಿ ಬನ್ಸು ಹೇಳಿದೆ.

ಬೆಳಗಿನಿಂದ ಏನೂ ತಿಂದಿರದ ಹೆಂಗಸು ಒಂದು ಪ್ಲೇಟನ್ನು ಪೂರ್ತಿ ಮುಗಿಸಿದರು. ಕೈ ತೊಳೆದು ಬಂದು ಕೂತು ಹೇಳಿದರು:

"ಒಂದು ವರ್ಷದಿಂದ ಎಡಗಣ್ಣಿಗೆ ಪೊರೆ ಬಂದದೆ ಅಮ್ಮ. ಆಪರೇಷನ್ ಮಾಡಿಸ್ಕಂಡ್ರೆ ವಾರ ಮಲಗ್ಬೇಕು, ಮಗು ಯಾರು ನೋಡ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ನಾನು ಹೋಗ್ಬಿಟ್ರೆ ಇದ್ರ ಗತಿ ಎಂತ ಅಂತ ದಿನಾ ಹೆದ್ರಿಕೆ. ಇವತ್ತು ಬಸ್ಸಲ್ಲಿ ಆ ಹೆದ್ರಿಕೆ ಹುಡುಕ್ದೆ, ಇರ್ಲೇ ಇಲ್ಲ. ಅದ್ಕೇ ನಿದ್ದೆ ಬಂತು ಕಾಣ್ತದೆ."

ಶಿರಸಿಯಲ್ಲಿ ಕಣ್ಣಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಗುರುವಾರ. ಬುಧವಾರವೇ ನಮ್ಮ ಮನೆಗೆ ಬಂದು ಉಳಿಯಲಿ, ಆಮೇಲೆ ವಾರ ಪೂರ್ತಿ ಇಲ್ಲೇ ಇರಲಿ ಎಂದು ಅಕ್ಕ ಹೇಳಿದ್ದನ್ನು ಹೇಳಿದೆ. ದ್ಯಾವಮ್ಮ ಬೇಡ ಎನ್ನಲಿಲ್ಲ. ಹೊಟೇಲಿನವನನ್ನು ಕರೆದು ಇನ್ನೊಂದು ಪ್ಲೇಟ್ ಬನ್ಸು ತರಲು ಹೇಳಿದರು. ನನಗೂ ಒಂದು ಎಂದೆ.